ತಳ ಹತ್ತಿದ ಅನ್ನ

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗಳು ಸ್ನೇಹಾ ನನ್ನನ್ನು ತಾನು ಅಡುಗೆ ಮಾಡುವ ಹೋಟೆಲಿಗೆ ಊಟಕ್ಕೆ ಕರೆದೊಯ್ದಳು. ಬೆಳಗಾವಿಯ ಟಿಳಕವಾಡಿಯಲ್ಲಿ ಹೊಸದಾಗಿ ತೆರೆದಿರುವ ಕೊರಿಯನ್ ಊಟದ ಹೋಟೆಲು. ಕೊರಿಯಾದ ಮನೆಗಳಲ್ಲಿ ದಿನಾ ಉಣ್ಣುವ ಊಟವನ್ನೇ ಇಲ್ಲಿ ಮಾಡುತ್ತೇವೆ ಎಂದು ಬಾಗಿಲಲ್ಲೇ ಬರೆದಿದ್ದರು. ತಿಳಿ ಬಣ್ಣದ ಗೋಡೆ, ಕಟ್ಟಿಗೆಯ ಮೇಜು, ನಾಲ್ಕು ತುತ್ತು ಪಲ್ಲೆ ಹಿಡಿಯುವ ಸಣ್ಣ ಸಣ್ಣ ಬಟ್ಟಲು. ಸುತ್ತ ಕುಳಿತ ಹುಡುಗ ಹುಡುಗಿಯರು ಬಿಸಿ ಊಟದ ಫೋಟೋ ತೆಗೆದು, ಅದು ಆರಿದ ಮೇಲೆ ಉಣ್ಣುತ್ತಿದ್ದರು. ನನ್ನ ಮುಂದೆ ಎರಡು ಕಡ್ಡಿ ಇಟ್ಟರು. ಈ ವಯಸ್ಸಿನಲ್ಲಿ ಹೊಸ ಸರ್ಕಸ್ಸು ಯಾರಿಗೆ ಬೇಕು? ಚಮಚ ತರಿಸಿಕೊಂಡೆ.

ಕಲ್ಲಿನ ಬಟ್ಟಲಿನಲ್ಲಿ ಅನ್ನ ಬಂತು. ಮೇಲೆ ಗಜ್ಜರಿ, ಪಾಲಕ, ಸೌತೆಕಾಯಿ, ಒಂದು ಕೆಂಪು ಚಟ್ನಿ. ಚಮಚ ಹಾಕಿ ತಳ ಕೆದಕಿದೆ, ಕರ್ ಎಂದಿತು. ತಳದ ಅನ್ನವನ್ನು ಬೇಕೆಂದೇ ಹತ್ತಿಸಿದ್ದರು. ಆ ವಾಸನೆ ಮೂಗಿಗೆ ಬಡಿದಾಗ ಚಮಚ ಕೆಳಗಿಟ್ಟೆ. ಆಮೇಲೆ ಉಂಡೆ, ಚೆನ್ನಾಗಿಯೇ ಉಂಡೆ. ಕೊನೆಯಲ್ಲಿ ಎರಡು ಚಮಚ ಅನ್ನ ಬಟ್ಟಲಲ್ಲೇ ಬಿಟ್ಟೆ.

ಒಳಗಿನಿಂದ ಸ್ನೇಹಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಟ್ಟಲು ನೋಡಿದ್ದೇ ಅವಳ ಮುಖ ಇಳಿದುಹೋಯಿತು.

"ಆಯಿ, ಛಲೋ ಆಗಿಲ್ಲೇನು?" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

"ಛಲೋ ಆಗೇತಿ ಬಿಡ."

"ಮತ್ತ ಯಾಕ ಬಿಟ್ಟಿ? ಖರೇ ಹೇಳು, ಖಾರ ಭಾಳ ಆತೇನು?"

"ಇಲ್ಲವಾ. ಅದು ದೊಡ್ಡ ಕತಿ ಐತಿ. ಹೇಳಾಕ ಕುಂತ್ರ ನಿನ್ನ ಗಿರಾಕಿ ಎಲ್ಲಾ ಎದ್ದ ಹೋಗ್ತಾರ."

"ಹಂಗಾದ್ರ ಬರದ ಕೊಡು. ನಮ್ಮ ಕ್ಲಾಸಿನ ಹುಡುಗ್ಯಾರೂ ಓದ್ತಾರ," ಎಂದಳು. ಅವಳ ಜೊತೆ ಅಡುಗೆಯ ಕೋರ್ಸು ಕಲಿತವರೆಲ್ಲ ಈಗ ಅಲ್ಲಿ ಇಲ್ಲಿ ಕೆಲಸಕ್ಕೆ ಸೇರುತ್ತಿದ್ದಾರಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಗೌರವ್ವ. ಹುಟ್ಟಿದ್ದು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ದಾರಿಯ ಒಂದು ಸಣ್ಣ ಊರಿನಲ್ಲಿ. ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರದ ಬಿಡಿಭಾಗ ಎರಕ ಹೊಯ್ಯುವ ಒಂದು ಕಾರ್ಖಾನೆ ಇತ್ತು. ಅದರ ಗೆಸ್ಟ್ ಹೌಸಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಅಡುಗೆಯವಳು ಇದ್ದವಳು ಹಿರಿಯ ಅಡುಗೆಯವಳು ಆದೆ, ಸೌಟು ಅದೇ ಇತ್ತು.

ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಒಲೆ ನೋಡುತ್ತಾರೆ, ಮಿಕ್ಸರ್ ನೋಡುತ್ತಾರೆ, ಕಿಟಕಿ ಎಲ್ಲಿದೆ ನೋಡುತ್ತಾರೆ. ನಾನಾದರೆ ಮುಸುರೆ ಪಾತ್ರೆ ತಿಕ್ಕುವ ಕಟ್ಟೆ ನೋಡು ಅನ್ನುತ್ತೇನೆ. ಉಂಡವರು "ಫಸ್ಟ್ ಕ್ಲಾಸ್" ಎಂದು ಹೇಳಿ ಹೋಗುತ್ತಾರೆ, ಅದು ಬಾಯಿ ಮಾತು. ಮರಳಿ ಬಂದ ತಾಟು ಖರೇ ಮಾತು ಹೇಳುತ್ತದೆ. ನಾನು ಸೇರಿದ ದಿನದಿಂದ ತಾಟು ತೊಳೆಯುವ ಮೊದಲು ಒಂದೊಂದನ್ನೂ ನೋಡಿಯೇ ಬಿಡುತ್ತಿದ್ದೆ. ಒಮ್ಮೆ ಕೊಯಮತ್ತೂರಿನ ಒಬ್ಬ ಇಂಜಿನಿಯರರು ಬಂದಿದ್ದರು. ಅವರ ತಾಟಿನಲ್ಲಿ ಎರಡು ದಿನ ರೊಟ್ಟಿಯ ಅಂಚು ಹಾಗೇ ಉಳಿದಿತ್ತು, ನಡುವಿನ ಮೆತ್ತನೆಯ ಭಾಗ ಮಾತ್ರ ಖಾಲಿ. ಮೂರನೆಯ ದಿನ ನಾನು ಕೇಳದೆಯೇ ರೊಟ್ಟಿ ಮುರಿದು ಬಿಸಿ ಸಾರಿನಲ್ಲಿ ನೆನೆಸಿ ಕೊಟ್ಟೆ. ಅವರು ಕೆನ್ನೆ ಹಿಡಿದುಕೊಂಡು, "ನನಗೆ ಹಲ್ಲು ನೋವು ಅಂತ ನಿಮಗೆ ಯಾರು ಹೇಳಿದ್ದು?" ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಇನ್ನೊಬ್ಬ ಜರ್ಮನ್ ಸಾಹೇಬ ಸಾಸಿವೆ ಕಾಳುಗಳನ್ನೆಲ್ಲ ಆರಿಸಿ ತಾಟಿನ ಅಂಚಿಗೆ ಸಾಲಾಗಿ ನಿಲ್ಲಿಸುತ್ತಿದ್ದ. ಮರುದಿನದಿಂದ ಅವನ ಒಗ್ಗರಣೆಗೆ ಸಾಸಿವೆ ಬಂದ್.

ಇದರಿಂದ ನನಗೆ ಜಂಬ ಬಂದಿತ್ತು, ಮುಚ್ಚಿಡುವುದೇನು. ನನ್ನ ಜೊತೆ ಕೆಲಸ ಮಾಡುತ್ತಿದ್ದ ತುಳಸಾ ಖಾನಾಪುರದ ಮರಾಠಿ ಹೆಂಗಸು. ದಿನಾ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದಳು. ಅವಳ ಮನೆಯಲ್ಲಿ ಗಂಡ ಕಾಲು ಮುರಿದುಕೊಂಡು ಕುಳಿತಿದ್ದ, ದುಡಿಯುವವಳು ಅವಳೊಬ್ಬಳೇ. ನಾನು ತಾಟು ಓದುವುದನ್ನು ನೋಡಿ, "ಗೌರಕ್ಕ, ನೀ ಪಂಚಾಂಗ ಹೇಳಾಕ ಹೋಗಬೇಕಿತ್ತ ನೋಡು" ಎಂದು ನಗುತ್ತಿದ್ದಳು. ನನಗೆ ಬೇರೆ ಮನೆ ಇರಲಿಲ್ಲ. ಮದುವೆ ಮುರಿದ ಮೇಲೆ ಈ ಕೆಲಸಕ್ಕೆ ಬಂದವಳು. ಅಡುಗೆಮನೆಯ ಹಿಂದಿನ ಕೋಣೆಯೇ ನನ್ನ ಮನೆ, ಆ ಅಡುಗೆಮನೆಯೇ ನನ್ನ ಸಂಸಾರ.

ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಚಳಿಗಾಲದಲ್ಲಿ ಕಾರ್ಖಾನೆಗೆ ಕೊರಿಯಾದಿಂದ ದೊಡ್ಡದೊಂದು ಯಂತ್ರ ಬಂತು. ಅದನ್ನು ಕೂಡಿಸಿ, ನಡೆಸಿ ತೋರಿಸಲು ಇಬ್ಬರು ಬಂದರು. ಒಬ್ಬ ಕಿಮ್, ಹರೆಯದವನು. ಇಂಗ್ಲಿಷು ಬರುತ್ತಿತ್ತು, ಗೇಟಿನ ಹೊರಗಿನ ಗಾಡಿಯಲ್ಲಿ ಬ್ರೆಡ್ ಆಮ್ಲೆಟ್ ಸಿಕ್ಕರೆ ಅವನ ದಿನ ಕಳೆಯುತ್ತಿತ್ತು. ಇನ್ನೊಬ್ಬರು ಚೋಯ್ ಸಾಹೇಬರು. ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು, ಸಣ್ಣ ಆಳು, ಬಾಯಿ ತೆರೆದರೆ ಕೊರಿಯನ್ ಬಿಟ್ಟು ಬೇರೆ ಮಾತಿಲ್ಲ. ಅದು ಅವರು ಕೂಡಿಸುವ ಕೊನೆಯ ಯಂತ್ರವಂತೆ. ಮೂರು ತಿಂಗಳು ಇರುವವರಿದ್ದರು.

ನಮ್ಮ ಮ್ಯಾನೇಜರ್ ದೇಸಾಯಿ ಸಾಹೇಬರು ಮುಂಜಾನೆಯೇ ಮಫ್ಲರ್ ಸುತ್ತಿಕೊಂಡು ಅಡುಗೆಮನೆಗೆ ಬಂದರು. ಕೆಟ್ಟ ಮನುಷ್ಯ ಅಲ್ಲ, ಆದರೆ ಹೆದರುಪುಕ್ಕ. ಮೇಲಿನವರು ಸೀನಿದರೆ ಇವರಿಗೆ ನೆಗಡಿ ಬರುತ್ತಿತ್ತು.

"ಗೌರಕ್ಕ, ಈ ಸಾಹೇಬ್ರನ್ನ ಕಣ್ಣಾಗ ಎಣ್ಣಿ ಹಾಕ್ಕೊಂಡ ನೋಡ್ಕೋರಿ. ಯಂತ್ರ ಚಾಲೂ ಆಗೂತನಾ ಅವರು ಇಲ್ಲೇ ಇರಬೇಕು. ಏನರೆ ಹೆಚ್ಚು ಕಡಿಮಿ ಆದ್ರ ಮ್ಯಾಲಿನವರು ನನ್ನ ಕುತಿಗಿಗೆ ಬರ್ತಾರ."

"ನಾ ಇರೂ ಮಟಾ ಯಾರೂ ಹಸದ ಮಕ್ಕೊಂಡಿಲ್ರಿ. ನೀವು ಹೋಗಿ ಚಾ ಕುಡೀರಿ," ಎಂದೆ.

ಮೊದಲ ದಿನ ಮಧ್ಯಾಹ್ನ ಚೋಯ್ ಸಾಹೇಬರಿಗೆ ಎರಡು ಚಪಾತಿ, ಬದನೆಕಾಯಿ ಪಲ್ಲೆ, ಬೇಳೆಸಾರು, ಬಾಸುಮತಿ ಅನ್ನ ಬಡಿಸಿದೆ. ಅತಿಥಿಗಳಿಗೆ ಬಾಸುಮತಿಯೇ ಆಗಬೇಕು ಎಂಬುದು ದೇಸಾಯರ ಕಟ್ಟಪ್ಪಣೆ. ಕಾವಲುಗಾರ, ಡ್ರೈವರು, ತೋಟದವನು, ನಾವಿಬ್ಬರು, ನಮಗೆ ಮಾತ್ರ ನನ್ನ ತವರಿನಿಂದ ಬರುವ ದಪ್ಪಕ್ಕಿ. ಅದನ್ನು ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ಬೇರೆ ಬೇಯಿಸುತ್ತಿದ್ದೆವು. ಸಾಹೇಬರ ತಾಟು ಮುಸುರೆ ಕಟ್ಟೆಗೆ ಬಂದಾಗ ನೋಡುತ್ತೇನೆ, ಒಂದು ಅಗುಳಿಲ್ಲ. ನೀರು ಹಾಕಿ ಎತ್ತಿಟ್ಟರೆ ಸಾಕು, ತಿಕ್ಕುವುದೇ ಬೇಡ. ನಾನು ತುಳಸಾಳಿಗೆ ತೋರಿಸಿದೆ. "ನೋಡು, ಕೊರಿಯಾದಾಗೂ ನಮ್ಮ ಬದನಿಕಾಯಿ ಪಾಸ್!"

ನಮ್ಮ ಕಡೆ ಊಟದ ಪದ್ಧತಿ ಗೊತ್ತಲ್ಲ. ತಾಟು ಖಾಲಿ ಆಯಿತೆಂದರೆ ಇನ್ನೂ ಬೇಕು ಎಂದೇ ಅರ್ಥ. ಕೇಳಿ ಬಡಿಸುವುದು ಮರ್ಯಾದೆ ಅಲ್ಲ. ಬೇಡ ಅಂದರೂ ಎರಡು ಸಲ ಬಡಿಸಬೇಕು. ಖರೇನೇ ಸಾಕಾದವನು ತಾಟಿಗೆ ಕೈ ಅಡ್ಡ ಹಿಡಿಯುತ್ತಾನೆ, ಇಲ್ಲವೆ ಒಂದು ತುತ್ತು ಬಿಟ್ಟು ಏಳುತ್ತಾನೆ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಮರುದಿನ ಮೂರನೆಯ ಚಪಾತಿ ಹಾಕಿದೆ. ಚೋಯ್ ಸಾಹೇಬರು ಕುಳಿತಲ್ಲೇ ತಲೆ ಬಾಗಿಸಿದರು, ಉಂಡರು. ನಾಲ್ಕನೆಯದು ಹಾಕಿದೆ, ಮತ್ತೆ ತಲೆ ಬಾಗಿಸಿದರು. ಪಾಪ, ನಾಚಿಕೆಯ ಮನುಷ್ಯ, ಬಾಯಿ ಬಿಟ್ಟು ಕೇಳದೆ ಹೀಗೆ ತಲೆ ಬಾಗಿಸಿ ಕೇಳುತ್ತಾರೆ ಎಂದುಕೊಂಡು ಅನ್ನ ಒಂದು ಸೌಟು ಜಾಸ್ತಿಯೇ ಹಾಕಿದೆ. ಅದೂ ಸಾಫ್.

ಹೀಗೆ ಎಂಟು ದಿನ. ಹೋಳಿಗೆ ಮಾಡಿದ ದಿನ ನಾಲ್ಕು ಹೋಳಿಗೆ, ಮೇಲೆ ತುಪ್ಪ. ಉಂಡ ಮೇಲೆ ಅವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಂಗಳದಲ್ಲಿ ಒಂದು ತಾಸು ಅಡ್ಡಾಡುತ್ತಿದ್ದರು. ನಾನು ಕಿಟಕಿಯಿಂದ ನೋಡಿ ಖುಷಿಪಟ್ಟೆ. ಹೊಟ್ಟೆ ತಂಪಾದ ಮನುಷ್ಯ ಹೀಗೇ ಅಡ್ಡಾಡುತ್ತಾನೆ ಎಂದು ತುಳಸಾಳಿಗೆ ಹೇಳಿದೆ. ತುಳಸಾ ಮಾತ್ರ, "ಮಾರಿ ಯಾಕೋ ಬಿಳಚಿಕೊಂಡೇತಿ ಅಕ್ಕ" ಎಂದಳು. "ಅವರ ಬಣ್ಣಾನ ಹಂಗ ಐತಿ, ಸುಮ್ನಿರು" ಎಂದು ಅವಳ ಬಾಯಿ ಮುಚ್ಚಿಸಿದೆ.

ಒಂಬತ್ತನೆಯ ದಿನ ಚೋಯ್ ಸಾಹೇಬರು ಕಾರ್ಖಾನೆಯಲ್ಲಿ ಯಂತ್ರದ ಪಕ್ಕದಲ್ಲೇ ಕುಸಿದು ಕುಳಿತರು. ಡಾಕ್ಟರು ಗೆಸ್ಟ್ ಹೌಸಿಗೇ ಬಂದು ನೋಡಿದರು. ದೊಡ್ಡ ರೋಗವೇನಿಲ್ಲ, ಹೊಟ್ಟೆ ಪೂರ್ತಿ ಕೆಟ್ಟಿದೆ, ತಿಂದದ್ದು ನಿಲ್ಲುತ್ತಿಲ್ಲ ಎಂದರು. ಮೂರು ದಿನದಲ್ಲಿ ಏನಾದರೂ ಒಳಗೆ ಹೋಗಿ ನಿಲ್ಲದಿದ್ದರೆ ಅವರನ್ನು ಊರಿಗೆ ಕಳಿಸುವುದೇ ಒಳ್ಳೆಯದು ಎಂದೂ ಹೇಳಿ ಹೋದರು.

ಆ ದಿನ ಕಿಮ್ ಅಡುಗೆಮನೆಯ ಬಾಗಿಲಿಗೆ ಬಂದು ದೇಸಾಯರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಹೇಳುವಾಗ ಎರಡು ಸಲ ನನ್ನ ಕಡೆ ನೋಡಿದ. ದೇಸಾಯರು ನನ್ನ ಕಡೆ ತಿರುಗಿದರು. ಅವರ ಮಫ್ಲರು ಬಿಚ್ಚಿ ಜೋತಾಡುತ್ತಿತ್ತು.

"ಏನ್ ಮಾಡಿಟ್ರಿ ಗೌರಕ್ಕ! ಅವರಿಗೆ ಮೊದಲನೇ ದಿನಾನ ಹೊಟ್ಟಿ ತುಂಬಿತ್ತಂತ. ತಾಟಿನಾಗ ಬಿಟ್ರ ಅಡಗಿ ಮಾಡಿದವರಿಗೆ ಅವಮಾನ ಅಂತ ಅವರ ತಾಯಿ ಕಲಿಸಿದ್ದಂತ. ಸಣ್ಣವರಿದ್ದಾಗ ಅವರ ಊರಾಗ ಉಣ್ಣಾಕ ಸಿಗತಿರಲಿಲ್ಲಂತ. ಹಿಂಗಾಗಿ ಮುಗಸ್ತಿದ್ರು. ಅವರು ಮುಗಸೂದು, ನೀವು ಹಾಕೂದು. ತಲಿ ಬಾಗಸ್ತಿದ್ದದ್ದು ಸಾಕು, ಉಪಕಾರ ಆತು ಅಂತ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ತಾಟು ಓದಿ ಜಂಬ ಪಟ್ಟವಳು ನಾನು. ಒಬ್ಬ ಹಿರಿಯ ಮನುಷ್ಯನ ಹೊಟ್ಟೆಗೆ ದಿನಾ ಶಿಕ್ಷೆ ಕೊಟ್ಟು, ಅವರು ನೋವಿನಿಂದ ಅಂಗಳ ಸುತ್ತುವುದನ್ನು ನೋಡಿ ಖುಷಿಪಟ್ಟಿದ್ದೆ. ತುಳಸಾ ಹೇಳಿದಾಗಲೂ ಕೇಳಿರಲಿಲ್ಲ. ಆದರೂ ಸಿಟ್ಟು ನನ್ನ ಹುಟ್ಟುಗುಣ. "ಹೊಟ್ಟಿ ತುಂಬಿದ್ರ ಬಾಯಿ ಬಿಟ್ಟ ಹೇಳಬೇಕ್ರಿ, ನಾ ಏನ್ ದೇವರೇನು?" ಎಂದುಬಿಟ್ಟೆ. ಈ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ದೇಸಾಯರು ಕುರ್ಚಿ ಎಳೆದುಕೊಂಡು ಕುಳಿತರು. ಈ ಸಲ ಅವರ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಮಾಲಕರು ಹೇಳ್ಯಾರ. ಚೋಯ್ ಸಾಹೇಬ್ರು ವಾಪಸ್ ಹೋದ್ರ ಈ ಅಡಗಿಮನಿಗೆ ಕೀಲಿ. ಮುಂದಿನ ತಿಂಗಳಿಂದ ಹೋಟೆಲಿನ ಊಟ ತರಸೂದು. ನಿಮಗೂ ತುಳಸಾಗೂ ಬ್ಯಾರೆ ಕೆಲಸ ಇಲ್ಲ. ನಾ ಏನೂ ಮಾಡಾಕ ಬರೂದಿಲ್ಲ ಗೌರಕ್ಕ."

ತುಳಸಾ ಸೆರಗಿನಿಂದ ಮುಖ ಒರೆಸಿಕೊಂಡು, ತೊಳೆದಿಟ್ಟ ತಾಟನ್ನೇ ಇನ್ನೊಮ್ಮೆ ತೊಳೆದಳು.

ಡಾಕ್ಟರು ಹೇಳಿದ ಮೂರು ದಿನದಲ್ಲಿ ಮೊದಲ ದಿನ ಮೆತ್ತಗೆ ಮೊಸರನ್ನ ಕಲಸಿ ಕಳಿಸಿದೆ, ರವೆಯ ಗಂಜಿ ಕಳಿಸಿದೆ. ಹೋದ ಹಾಗೆಯೇ ಮರಳಿ ಬಂದವು. ಎರಡನೆಯ ದಿನ ದೇಸಾಯರು ಊರಿನ ಕ್ಯಾಂಪ್ ಭಾಗದ ದೊಡ್ಡ ಹೋಟೆಲಿನಿಂದ ಸೂಪು ತರಿಸಿದರು. ಸಾಹೇಬರು ಅದರ ವಾಸನೆಗೇ ಮುಖ ಆ ಕಡೆ ತಿರುಗಿಸಿದರಂತೆ. ತುಳಸಾ ಎರಡು ತತ್ತಿ ಬೇಯಿಸಿದಳು. ಲಿಂಗ ಕಟ್ಟಿಕೊಂಡವಳು ನಾನು, ತತ್ತಿಯನ್ನು ಅಡುಗೆಮನೆಯ ಒಳಗೆ ಬಿಡುತ್ತಿರಲಿಲ್ಲ. ಅಂದು ನಾನೇ ಹಿತ್ತಲಿನ ಒಲೆಗೆ ಉರಿ ಹಚ್ಚಿಕೊಟ್ಟೆ. ಅದೂ ಮರಳಿ ಬಂತು. ಸಾಹೇಬರು ಊರಿನಿಂದ ತಂದ ಖಾರದ ಪೊಟ್ಟಣಗಳು ಮೊದಲ ವಾರವೇ ಮುಗಿದಿದ್ದವು. ಕಿಮ್ ಕೊರಿಯಾದ ತಮ್ಮ ಕಂಪನಿಗೆ ಫೋನು ಮಾಡಿ, ಗೋವಾದಿಂದ ವಿಮಾನ ಯಾವಾಗ ಇದೆ ಎಂದು ವಿಚಾರಿಸಿದ.

ಮೂರನೆಯ ದಿನ ಬೆಳಿಗ್ಗೆ ಹಿತ್ತಲಿನ ಒಲೆಯ ಮೇಲೆ ನಮ್ಮವರಿಗೆ ಅನ್ನಕ್ಕಿಟ್ಟೆ. ಆ ವಾರವಷ್ಟೇ ತವರಿನಿಂದ ಹೊಸ ಅಕ್ಕಿ ಬಂದಿತ್ತು. ಹೊಸ ಅಕ್ಕಿ ನೀರು ಕಡಿಮೆ ಕುಡಿಯುತ್ತದೆ, ಅಂಟಂಟಾಗುತ್ತದೆ, ಮೈಮರೆತರೆ ತಳ ಹಿಡಿಯುತ್ತದೆ. ಉರಿ ಸಣ್ಣ ಮಾಡಿ ಪಕ್ಕದಲ್ಲೇ ಕೂರಬೇಕು. ಭತ್ತದ ಸೀಮೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಷ್ಟರಲ್ಲಿ ದೇಸಾಯರು ಬಂದು, ಪಾತ್ರೆಪಡಗಗಳ ಪಟ್ಟಿ ಮಾಡಿಕೊಡಿ ಎಂದರು. ನನಗೆ ಪಿತ್ತ ನೆತ್ತಿಗೇರಿತು.

"ಮನಷ್ಯಾ ಇನ್ನೂ ಇಲ್ಲೇ ಅದಾನ್ರೀ! ಈಗ ಪಟ್ಟಿ ಬೇಕಾ ನಿಮಗ? ನಾ ಸತ್ತಿನೇನು, ತೆರವು ಮಾಡಾಕ?"

"ಸಿಟ್ಟಿಗೇಳಬ್ಯಾಡ್ರಿ. ಮ್ಯಾಲಿಂದ ಹೇಳ್ಯಾರ, ನಾ ಕೇಳಬೇಕು."

"ಮ್ಯಾಲಿನವರಿಗೆ ಹೇಳ್ರಿ, ಗೌರವ್ವ ಎಣಸಿ ಕೊಡೂದಿಲ್ಲ ಅಂದ್ಲು ಅಂತ."

ಹೀಗೆ ನಾವು ಬಾಗಿಲಲ್ಲಿ ಜಗಳಾಡುತ್ತಿದ್ದಾಗ ತುಳಸಾ ಹಿತ್ತಲಿನಿಂದ ಕೂಗಿದಳು. "ಅಕ್ಕ! ಅನ್ನ ಹತ್ತಾಕತ್ತೇತಿ!"

ಓಡಿದೆ. ಬೋಗುಣಿಯ ತಳ ಹತ್ತಿ ವಾಸನೆ ಹಿತ್ತಲೆಲ್ಲ ತುಂಬಿತ್ತು. ಮೂವತ್ತು ವರ್ಷದ ಕೆಲಸದಲ್ಲಿ ಮೈಮರೆತು ಅನ್ನ ಹತ್ತಿಸಿದ್ದು ಅದೊಂದೇ ಸಲ. ಮೇಲಿನ ಅನ್ನ ಬೇರೆ ಪಾತ್ರೆಗೆ ತೆಗೆದೆ. ತಳದಲ್ಲಿ ಬೆರಳು ದಪ್ಪ ಕಂದು ಪದರ ಗಟ್ಟಿಯಾಗಿ ಕುಳಿತಿತ್ತು. ತಿಕ್ಕಲು ಸಡಿಲವಾಗಲಿ ಎಂದು ನಾಲ್ಕು ತಂಬಿಗೆ ನೀರು ಸುರಿದು ಆರುತ್ತಿದ್ದ ಕೆಂಡದ ಮೇಲೆಯೇ ಬಿಟ್ಟು, ಒಲೆಯ ಕಟ್ಟೆಗೆ ಒರಗಿ ಕುಳಿತುಬಿಟ್ಟೆ. ಅನ್ನ ಮಾಡುವುದೂ ಮರೆತೆನಲ್ಲ, ಹೋಗಲಿ, ಕೀಲಿ ಹಾಕುವುದೇ ಸರಿ ಎನ್ನಿಸಿತು.

ನೀರು ಕುದಿಯತೊಡಗಿತು. ಯಾರೋ ಹಿಂದೆ ನಿಂತ ಹಾಗಾಯಿತು. ತಿರುಗಿದರೆ ಚೋಯ್ ಸಾಹೇಬರು. ಕಂಬಳಿ ಹೊದ್ದುಕೊಂಡು, ಗೋಡೆ ಹಿಡಿದುಕೊಂಡು, ಹಿತ್ತಲಿನ ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣು ಬೋಗುಣಿಯ ಮೇಲಿತ್ತು.

ಅಡುಗೆಯವಳು ಹತ್ತಿಸಿದ ಪಾತ್ರೆಯನ್ನು ಅತಿಥಿ ನೋಡುವುದೆಂದರೆ ನಮ್ಮಲ್ಲಿ ಮಾನ ಹೋದ ಹಾಗೆ. ನಾನು ದಡಬಡಿಸಿ ಎದ್ದು ಮುಚ್ಚಳ ಮುಚ್ಚಿದೆ. ಅವರು ಬಂದು ಮುಚ್ಚಳ ತೆಗೆದರು. ನಾನು ಮತ್ತೆ ಮುಚ್ಚಿದೆ. ಅವರು ಏನೋ ಹೇಳಿದರು, ಮೊದಲ ಸಲ ಅವರ ದನಿ ಗಟ್ಟಿಯಾಗಿ ಕೇಳಿಸಿತು. ಸೌಟು ತೆಗೆದುಕೊಂಡು ಬೋಗುಣಿಗೆ ಕೈ ಹಾಕಿದರು. ನಾನು ಸೌಟಿನ ಇನ್ನೊಂದು ತುದಿ ಹಿಡಿದೆ.

"ಬ್ಯಾಡ್ರೀ ಸಾಹೇಬ್ರ! ಅದು ಹತ್ತಿದ್ದು! ಮುಸುರಿಗಿ ಹಾಕಿದ್ದು! ನಾಯಿಗೂ ಹಾಕೂದಿಲ್ರೀ ಅದನ್ನ!"

ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಮೂರು ದಿನ ಉಪವಾಸವಿದ್ದ ಮನುಷ್ಯನಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಕೊನೆಗೆ ತುಳಸಾ ನನ್ನ ರಟ್ಟೆ ಹಿಡಿದು ಎಳೆದಳು. ಗಾಬರಿಯಾದರೆ ಅವಳ ಬಾಯಲ್ಲಿ ಮರಾಠಿಯೇ ಬರುತ್ತಿತ್ತು. "ಅಗ ಬಾಯಿ, ಸೋಡ ಕೀ! ಬಿಡ ಅಕ್ಕ! ಹಸದಾರ ಅವರು, ಕಾಣವಲ್ದೇನು ನಿನಗ?"

ಬಿಟ್ಟೆ. ಅವರು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು, ಆ ಕಂದು ನೀರನ್ನೂ ಅದರಲ್ಲಿ ಬಿಚ್ಚಿಕೊಂಡ ಹತ್ತಿದ ಅನ್ನವನ್ನೂ ಬಟ್ಟಲಿಗೆ ಹಾಕಿಕೊಂಡು, ಊದಿ ಊದಿ ಕುಡಿದರು. ಒಂದು ಬಟ್ಟಲು, ಎರಡು ಬಟ್ಟಲು. ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಾವಿಬ್ಬರೂ ನೋಡುತ್ತ ನಿಂತಿದ್ದೆವು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಕುಡಿದದ್ದು ಒಳಗೇ ನಿಂತಿತು. ಅವರು ಬಿಸಿಲಿಗೆ ಗೋಡೆಗೊರಗಿ ಅಲ್ಲೇ ನಿದ್ದೆ ಹೋದರು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ನಿಂತು ಮನಸಾರೆ ಅತ್ತೆ.

ಮಧ್ಯಾಹ್ನ ಕಿಮ್ ಬಂದು ದೇಸಾಯರಿಗೆ ಹೇಳಿದಾಗ ನಮಗೆ ವಿಷಯ ತಿಳಿಯಿತು. ಅವರ ಊರಲ್ಲಿ ಅನ್ನ ಬೇಯಿಸಿದ ಪಾತ್ರೆಯ ತಳ ಹತ್ತುವುದೇ ಪದ್ಧತಿಯಂತೆ. ಮೇಲಿನ ಅನ್ನ ಬಡಿಸಿಯಾದ ಮೇಲೆ ಅದೇ ತಳಕ್ಕೆ ನೀರು ಹಾಕಿ ಕುದಿಸಿ, ಊಟದ ಕೊನೆಗೆ ಎಲ್ಲರೂ ಕುಡಿಯುತ್ತಾರಂತೆ. ಹೊಟ್ಟೆ ಸರಿ ಇಲ್ಲದವರಿಗೆ ಮೊದಲು ಕೊಡುವುದೂ ಅದನ್ನೇ. ಸಾಹೇಬರಿಗೆ ಮಲಗಿದಲ್ಲಿಗೆ ಆ ವಾಸನೆ ಹೋಗಿತ್ತು. ನಾಲ್ಕು ಮಾರು ದೂರದಲ್ಲಿ ಅವರಿಗೆ ಬೇಕಾದ ಅನ್ನ ದಿನಾ ಬೇಯುತ್ತಿತ್ತು, ನಾವು ಅವರಿಗೆ ಬಾಸುಮತಿ ಬಡಿಸುತ್ತಿದ್ದೆವು.

ಅಂದಿನಿಂದ ಚೋಯ್ ಸಾಹೇಬರಿಗೂ ನಮ್ಮ ದಪ್ಪಕ್ಕಿಯೇ. ದೇಸಾಯರು, "ಅತಿಥಿಗೆ ಆಳಿನ ಅಕ್ಕಿ ಹಾಕಿದ್ರ ಮ್ಯಾಲಿನವರು ಏನಂತಾರ?" ಎಂದು ಗೊಣಗಿದರು. "ಮ್ಯಾಲಿನವರನ್ನ ಉಣ್ಣಾಕ ಕರಕೊಂಡ ಬರ್ರಿ, ಅವರಿಗೂ ಹಾಕ್ತೀನಿ" ಎಂದೆ. ಪಟ್ಟಿಯ ಮಾತು ಅವರು ಮತ್ತೆ ಎತ್ತಲಿಲ್ಲ. ಬೇಕೆಂದೇ ಅನ್ನ ಹತ್ತಿಸುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ಒಂದು ದಿನ ಕರಿದಾಗಿ ಕಹಿಯಾಯಿತು, ಇನ್ನೊಂದು ದಿನ ಹತ್ತಲೇ ಇಲ್ಲ. ವಾರ ಕಳೆದ ಮೇಲೆ ಕೈಗೆ ಬಂತು. ಕಣ್ಣಿಗಿಂತ ಮೂಗನ್ನು ನಂಬಬೇಕು, ಹುರಿದ ಕಡಲೆಯ ವಾಸನೆ ಬಂದಾಗ ಕೆಂಡ ಎಳೆಯಬೇಕು. ಸ್ನೇಹಾ, ನಿನ್ನ ಗ್ಯಾಸಿನ ಒಲೆಗೂ ಇದೇ ಲೆಕ್ಕ.

ಸಂಕ್ರಾಂತಿಯ ಹೊತ್ತಿಗೆ ಪೇಟೆಗೆ ಕೆಂಪು ಹಸಿಮೆಣಸಿನಕಾಯಿ ಬಂತು. ತುಳಸಾ ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಹಾಕಿ ರಂಜಕ ರುಬ್ಬಿದಳು. ಆ ಕೆಂಪು ಚಟ್ನಿ ನಾಲ್ಕು ದಿನ ಭರಣಿಯಲ್ಲಿ ಕೂತು ಹುಳಿ ಏರಿದ ಮೇಲೆ ಮೂಲಂಗಿ ಹೆಚ್ಚಿ ಅದರಲ್ಲಿ ಕಲಸಿ ಕೊಟ್ಟೆವು. ಸಾಹೇಬರು ಒಂದು ಹೋಳು ಬಾಯಿಗಿಟ್ಟು, ತುಳಸಾಳಿಗೆ ಎದ್ದು ನಿಂತು ತಲೆ ಬಾಗಿಸಿದರು. ತುಳಸಾ ನನ್ನ ಕಡೆ ತಿರುಗಿ, "ಈಗ ಇದು ಬೇಕು ಅಂತನೋ, ಸಾಕು ಅಂತನೋ, ಓದಿ ಹೇಳು ಗೌರಕ್ಕ" ಎಂದು ಕೆಣಕಿದಳು. ಆಮೇಲೆ ತಾನೇ ಬಿದ್ದು ಬಿದ್ದು ನಕ್ಕಳು.

ಬಡಿಸುವುದನ್ನು ನಾನು ಆಗಲೇ ಬಿಟ್ಟೆ. ಅನ್ನದ ಬೋಗುಣಿ, ಪಲ್ಲೆಯ ಪಾತ್ರೆ ಮೇಜಿನ ನಡುವೆ ಇಡುವುದು, ಅವರವರು ಹಾಕಿಕೊಳ್ಳುವುದು. ಇದು ಸೋಮಾರಿತನ ಎಂದು ಎಷ್ಟೋ ಅತಿಥಿಗಳು ಮೂಗು ಮುರಿದರು. ಮುರಿಯಲಿ. ದೇಸಾಯರಿಂದ ಕಿಮ್‌ಗೆ, ಕಿಮ್‌ನಿಂದ ಚೋಯ್ ಸಾಹೇಬರಿಗೆ ನಮ್ಮ ಪದ್ಧತಿಯನ್ನೂ ಹೇಳಿಸಿದೆ. "ನಮ್ಮಲ್ಲಿ ಹೊಟ್ಟಿ ತುಂಬಿದವರು ಒಂದ ತುತ್ತು ಬಿಟ್ಟ ಏಳ್ತಾರ. ತಾಟು ಖಾಲಿ ಬಂದ್ರ ಅತಿಥಿ ಹಸದ ಎದ್ದಾರ ಅಂತ ನಮಗ ಕೆಟ್ಟ ಅನಸ್ತದ." ಅವರು ಗಮನವಿಟ್ಟು ಕೇಳಿ, ತಲೆ ಅಲ್ಲಾಡಿಸಿಬಿಟ್ಟರು. ಅದೊಂದು ತನ್ನಿಂದಾಗದು, ಅಗುಳು ಬಿಟ್ಟರೆ ತಾಯಿ ಎದುರಿಗೆ ಬಂದು ನಿಂತ ಹಾಗಾಗುತ್ತದೆ ಎಂದರಂತೆ. ನಾನೂ ಒತ್ತಾಯ ಮಾಡಲಿಲ್ಲ, ಒತ್ತಾಯದ ಫಲ ನೋಡಿಯಾಗಿತ್ತು. ಅವರು ಸ್ವಲ್ಪವೇ ಹಾಕಿಕೊಂಡು ಪೂರ್ತಿ ಉಣ್ಣುತ್ತಿದ್ದರು. ದಿನವೂ ತಾಟು ಬೆಳ್ಳಗೆ ಮರಳಿ ಬರುತ್ತಿತ್ತು. ಈಗ ಅದನ್ನು ನೋಡಿದರೆ ನನಗೆ ಖುಷಿಯ ಜಾಗದಲ್ಲಿ ಅನುಮಾನ ಬರುತ್ತಿತ್ತು. ಈ ಮನುಷ್ಯ ಖರೇನೇ ತೃಪ್ತಿಯಿಂದ ಉಂಡರೋ, ಮರ್ಯಾದೆಗೆ ಉಂಡರೋ? ಎರಡು ತಿಂಗಳು ಅದನ್ನು ನೋಡುತ್ತಲೇ ಇದ್ದೆ, ತಿಳಿಯಲಿಲ್ಲ.

ಯಂತ್ರ ಚಾಲೂ ಆಯಿತು. ಕಾರ್ಖಾನೆಯವರು ಪೇಡೆ ಹಂಚಿದರು, ದೇಸಾಯರು ಮಫ್ಲರ್ ಇಲ್ಲದೆ ಓಡಾಡಿದರು. ಚೋಯ್ ಸಾಹೇಬರು ಹೊರಡುವ ದಿನ ಮಧ್ಯಾಹ್ನ ದಪ್ಪಕ್ಕಿಯ ಅನ್ನ, ಬದನೆಕಾಯಿ ಪಲ್ಲೆ, ರಂಜಕದ ಮೂಲಂಗಿ, ಕೊನೆಗೆ ಹತ್ತಿಸಿದ ಅನ್ನದ ಬಿಸಿನೀರು ಇಟ್ಟೆ. ಉಂಡು ಎದ್ದು ಕೋಣೆಗೆ ಹೋದರು. ಗೋವಾಕ್ಕೆ ಹೋಗುವ ಕಾರು ಅಂಗಳದಲ್ಲಿ ನಿಂತಿತ್ತು.

ತುಳಸಾ ಮುಸುರೆ ಕಟ್ಟೆಯಿಂದ ಗಾಬರಿಯಾಗಿ ಕರೆದಳು. "ಗೌರಕ್ಕ, ಲಗೂನ ಬಾ! ಸಾಹೇಬ್ರು ಉಂಡಿಲ್ಲ! ಮತ್ತ ಹೊಟ್ಟಿ ಕೆಟ್ಟತೋ ಏನೋ!"

ಹೋಗಿ ನೋಡಿದೆ. ಪಲ್ಲೆ ಸಾಫಾಗಿತ್ತು, ಮೂಲಂಗಿ ಸಾಫಾಗಿತ್ತು. ತಾಟಿನ ನಡುವೆ ಎರಡು ಚಮಚದಷ್ಟು ಅನ್ನವನ್ನು ಒಟ್ಟು ಮಾಡಿ, ಚಮಚದ ಬೆನ್ನಿನಿಂದ ದುಂಡಗೆ ತಟ್ಟಿ ಇಟ್ಟಿದ್ದರು. ಬೇಡವಾಗಿ ಬಿಟ್ಟವರು ಹಾಗೆ ಜೋಡಿಸಿ ಬಿಡುವುದಿಲ್ಲ.

ನಾನು ತಾಟು ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ಕಾರು ಗೇಟಿನ ಹತ್ತಿರ ಹೋಗಿ ನಿಂತಿತು. ಚೋಯ್ ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಕೈಯಲ್ಲಿದ್ದ ತಾಟು ನೋಡಿದರು. ಆಮೇಲೆ ಅಂಗೈ ಬಿಡಿಸಿ, ನಾವು ತಾಟಿಗೆ ಅಡ್ಡ ಹಿಡಿಯುವ ಹಾಗೆ ಹಿಡಿದು ತೋರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು, ನಗುತ್ತಿದ್ದರು. ನಾನು ತಲೆ ಬಾಗಿಸಿದೆ.

ಮತ್ತೆ ಅವರನ್ನು ನೋಡಲಿಲ್ಲ. ಅಡುಗೆಮನೆಗೆ ಯಾರೂ ಕೀಲಿ ಹಾಕಲಿಲ್ಲ. ನಿವೃತ್ತಿಯ ದಿನ ನಾನೇ ಹಾಕಿ, ಬೀಗದ ಕೈಯನ್ನು ತುಳಸಾಳ ಕೈಗೆ ಕೊಟ್ಟು ಬಂದೆ.

ಸ್ನೇಹಾ, ನಿನ್ನ ಕಲ್ಲಿನ ಬಟ್ಟಲಿನಲ್ಲಿ ನಾನು ಬಿಟ್ಟದ್ದು ಆ ಎರಡು ಚಮಚ. ಮುಖ ಇಳಿಸಬೇಡ. ಹೊಟ್ಟಿ ತುಂಬೇತಿ ನನ್ನವ್ವಾ, ಖರೇನ ತುಂಬೇತಿ.